ಆಫ್ರಿಕಾಕ್ಕೆ ಹೊರಟವಳು ತಲಕಾಡಿಗೆ ಹೋದೆ!

ಮನೆಖರ್ಚಿನಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲೋ, ಬೀರುವಿನ ಸೀರೆಯ ಮಡಿಕೆಯಲ್ಲೋ ನಾಲ್ಕು ಕಾಸು ಬಚ್ಚಿಡುವ ಅಭ್ಯಾಸ ನಿಮಗೂ ಉಂಟಲ್ಲವೆ? ನನಗೂ ಉಂಟು. ಹಪ್ಪಳ ಸಂಡಿಗೆ ಮಾಡಿಕೊಟ್ಟದ್ದು, ಬೀದಿಯವರ ಸೀರೆಗಳಿಗೆ ಫಾಲ್ ಹೊಲಿದದ್ದು, ಹೀಗೆ ಬಂದದ್ದನ್ನೆಲ್ಲ ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಕಟ್ಟುತ್ತಾ ಬಂದೆ. ಯಾತಕ್ಕೆ ಗೊತ್ತೆ? ನಗಬೇಡಿ. ಆಫ್ರಿಕಾಕ್ಕೆ ಹೋಗುವುದಕ್ಕೆ!

ಒಂದು ದಿನ ಪೇಪರಿನಲ್ಲಿ ಜಾಹೀರಾತು ಬಂದಿತ್ತು. ಹದಿನಾಲ್ಕು ದಿನದ ಪ್ರವಾಸ, ಮರುಭೂಮಿ, ಸಿಂಹ, ಆನೆ, ಜಿರಾಫೆ, ಜೊತೆಗೆ ಗೈಡು, ಊಟವೂ ನಮ್ಮ ಕಡೆಯದೇ. ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆ. ನಮ್ಮ ಮನೆಯವರು ನೋಡಿ ನಕ್ಕರು. “ನೀನು ಅರ್ಧ ಕೂಡಿಸು, ನಾನು ರಿಟೈರಾದ ಮೇಲೆ ಇನ್ನರ್ಧ ಹಾಕ್ತೀನಿ” ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ, ನಾನಂತೂ ನಿಜವೆಂದೇ ನಂಬಿದೆ.

ನನಗೇಕೆ ಈ ಹುಚ್ಚು ಎನ್ನುತ್ತೀರಾ? ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಕಟ್ಟಿಸಿದ ನಮ್ಮ ಮೃಗಾಲಯಕ್ಕೆ ದಸರಾ ರಜೆಯಲ್ಲಿ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ಜಿರಾಫೆಯ ಮುಂದೆ ನಿಂತು “ಇದರ ಊರು ಯಾವುದಪ್ಪಾ?” ಎಂದು ಕೇಳುತ್ತಿದ್ದೆ. “ಆಫ್ರಿಕಾ ಮಗೂ. ಅಲ್ಲಿ ಇವಕ್ಕೆ ಬೇಲಿ ಇಲ್ಲ” ಎನ್ನುತ್ತಿದ್ದರು ಅಪ್ಪ. ಬೇಲಿ ಇಲ್ಲದ ಜಿರಾಫೆಯನ್ನು ಒಂದು ಸಾರಿ ನೋಡಬೇಕು ಎಂದು ಅಂದೇ ಮನಸ್ಸಿಗೆ ಬಂದದ್ದು. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ನಮ್ಮ ಮೃಗಾಲಯಕ್ಕೆ ಮೂರು ಚೀತಾಗಳು ಬಂದಾಗ ಮಗಳ ಜೊತೆ ಹೋಗಿ ನೋಡಿಬಂದೆ. “ಅಮ್ಮಾ, ನೀನು ಹೋಗೋ ಮುಂಚೆ ಅವೇ ಬಂದುಬಿಟ್ಟವು!” ಎಂದು ಅವಳು ಹಾಸ್ಯ ಮಾಡಿದಳು.

ಆದರೆ ನಾವೊಂದು ಬಗೆದರೆ ದೈವ ಒಂದು ಬಗೆಯಿತು. 2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಇವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕೆಂದರು. ಆ ಹೊತ್ತಿನಲ್ಲಿ ಯೋಚನೆ ಮಾಡುವುದಕ್ಕೇನಿದೆ? ಮಾರನೆಯ ದಿನವೇ ಪೋಸ್ಟಾಫೀಸಿನ ಪುಸ್ತಕ ಹಿಡಿದುಕೊಂಡು ಓಡಿದೆ. ನನ್ನ ಆಫ್ರಿಕಾ ಆಸ್ಪತ್ರೆಯ ಬಿಲ್ಲಿಗೆ ಹೋಯಿತು. ಇವರು ನಮ್ಮ ಪುಣ್ಯಕ್ಕೆ ಮನೆಗೆ ಬಂದರು. ಅದಕ್ಕಿಂತ ಬೇರೆ ಭಾಗ್ಯ ಬೇಕೆ?

ಬೇಡ, ನಿಜ. ಆದರೂ ಸೋದರಿಯರೇ, ನಿಮ್ಮಲ್ಲಿ ಮುಚ್ಚುಮರೆ ಏಕೆ? ಜಾಹೀರಾತನ್ನು ಕಿತ್ತು ಹಾಕಿದೆನೇ ಹೊರತು ಗೋಂದಿನ ಕಲೆ ಬೀರುವಿನ ಬಾಗಿಲಿನಲ್ಲಿ ಹಾಗೇ ಉಳಿಯಿತು. ಇವರ ಮಾತ್ರೆಗಳನ್ನೂ ಅದೇ ಬೀರುವಿನಲ್ಲಿ ಇಟ್ಟಿದ್ದೆ. ದಿನಕ್ಕೆ ಮೂರು ಸಾರಿ ಬಾಗಿಲು ತೆಗೆಯಬೇಕು, ಮೂರು ಸಾರಿ ಆ ಕಲೆ ಕಾಣಬೇಕು. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಆದರೆ ಪಾತ್ರೆ ಇಡುವ ಸದ್ದು ಸ್ವಲ್ಪ ಜೋರಾಯಿತೇನೋ. ಇವರಿಗೂ ಅದು ಕೇಳಿಸುತ್ತಿತ್ತು. ಅವರೂ ಮಾತು ಕಡಿಮೆ ಮಾಡಿದರು. ಬದುಕಿ ಬಂದ ಮನುಷ್ಯ ಅಪರಾಧಿಯ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹತ್ತು ತಿಂಗಳು ಹೀಗೇ ಕಳೆಯಿತು.

ಇದನ್ನು ಮೊದಲು ಅರ್ಥ ಮಾಡಿಕೊಂಡವರು ನಮ್ಮ ಅತ್ತೆ. ಎಪ್ಪತ್ತೆರಡು ವರ್ಷ, ಕಣ್ಣು ಮಂದ, ಆದರೆ ಕಾಣದ್ದೇನೂ ಇಲ್ಲ. ಒಂದು ಸಂಜೆ ಹೂ ಕಟ್ಟುತ್ತಾ ಕೇಳಿದರು: “ಅಲ್ಲಮ್ಮಾ, ಆಫ್ರಿಕಾದಲ್ಲಿ ಏನಿರತ್ತೆ?”

“ಮರಳಿರತ್ತೆ, ಆನೆ ಇರತ್ತೆ ಅತ್ತೆ” ಎಂದೆ ಬೇಸರದಿಂದ.

“ಮರಳು, ಆನೆ ತಾನೆ? ಹಾಗಾದರೆ ತಲಕಾಡಿಗೆ ಹೋಗಿ, ಅಲ್ಲಿಂದ ಬಂಡೀಪುರಕ್ಕೆ ಹೋಗಿ ಬರೋಣ. ನಾನೂ ಬರ್ತೀನಿ!”

ನನಗೆ ನಗುವೋ ಅಳುವೋ ತಿಳಿಯಲಿಲ್ಲ.

ಹೊರಟಿತು ನಮ್ಮ ಸವಾರಿ

ನಮ್ಮ ಬೀದಿಯಲ್ಲಿ ನಿವೃತ್ತರಾದ ಒಬ್ಬ ಚರಿತ್ರೆಯ ಮೇಷ್ಟ್ರಿದ್ದಾರೆ. ವರ್ಷಕ್ಕೆ ಎರಡು ಸಲ ವ್ಯಾನ್ ಮಾಡಿಕೊಂಡು, ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚಿ, ಪ್ರವಾಸ ಕರೆದೊಯ್ಯುತ್ತಾರೆ. ಗೈಡೂ ಅವರೇ, ಮ್ಯಾನೇಜರೂ ಅವರೇ. 2023ರ ಡಿಸೆಂಬರಿನಲ್ಲಿ ಅವರ ಜೊತೆ ಹನ್ನೊಂದು ಮಂದಿ ಹೊರಟೆವು. ನಾವು ನಾಲ್ವರು, ಎದುರು ಮನೆಯ ಅಕ್ಕ ಮತ್ತು ಅವರ ತಂಗಿ, ಉಳಿದವರು ಬೀದಿಯವರೇ. ಎದುರು ಮನೆಯ ಅಕ್ಕ ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಊರು ಬಿಟ್ಟು ಎಲ್ಲೂ ಹೋದವರಲ್ಲ. ಅವರನ್ನು ಹೊರಡಿಸುವುದೇ ಒಂದು ದೊಡ್ಡ ಕೆಲಸವಾಯಿತು.

ಧನುರ್ಮಾಸದ ಚಳಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹುಗ್ಗಿ ಮಾಡಿ ದೇವರಿಗೆ ನೈವೇದ್ಯ ಮಾಡಿದೆ. ದಾರಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಕೋಡುಬಳೆ. ಇವರಿಗೆ ಉಪ್ಪು ಕಡಿಮೆ ಇರಬೇಕಾದ್ದರಿಂದ ಬೇರೆ ಡಬ್ಬಿ. ಆರೂವರೆಗೆ ವ್ಯಾನ್ ಹೊರಟಿತು.

ತಿ. ನರಸೀಪುರದಲ್ಲಿ ಮೊದಲ ನಿಲುಗಡೆ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಕೂಡುವ ತ್ರಿವೇಣಿ ಸಂಗಮವಿದು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಾ ಬಂದಿದೆ. ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿದೆವು. ಆ ವರ್ಷ ರಾಜ್ಯದಲ್ಲೆಲ್ಲ ಬರ. ಹೊಳೆ ಸೊರಗಿ ಬಂಡೆಗಳು ಎದ್ದು ಕಾಣುತ್ತಿದ್ದವು. ಅತ್ತೆ ಕಾಲು ತೊಳೆದು ತಲೆಗೆ ನೀರು ಪ್ರೋಕ್ಷಿಸಿಕೊಂಡರು. “ಕಾವೇರಮ್ಮ ಬಡವಾಗಿದಾಳೆ” ಎಂದು ನಿಟ್ಟುಸಿರು ಬಿಟ್ಟರು.

ಇದೇ ನಮ್ಮ ಮರುಭೂಮಿ

ಮೈಸೂರಿನಿಂದ ತಲಕಾಡಿಗೆ ಸುಮಾರು 45 ಕಿಲೋಮೀಟರು. ಸುತ್ತ ಕಬ್ಬು, ಭತ್ತದ ಗದ್ದೆ, ತೆಂಗು. ಹಸಿರಿನ ನಡುವೆ ಹೋಗುತ್ತಾ ಹೋಗುತ್ತಾ ಒಮ್ಮೆಗೇ ಎದುರಿಗೆ ಮರಳಿನ ದಿಬ್ಬಗಳು! ಮೊದಲ ಸಲ ನೋಡುವವರಿಗೆ ಆಶ್ಚರ್ಯವಾಗದೆ ಇರದು. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಮುನ್ನೂರು ಮೀಟರಿಗೂ ಎತ್ತರದ ಮರಳ ಗುಡ್ಡಗಳಿವೆಯಂತೆ, ಚಿತ್ರದಲ್ಲಿ ನೋಡಿದ್ದೆ. ಅದಕ್ಕೂ ಇದಕ್ಕೂ ಹೋಲಿಕೆ ಎಲ್ಲಿಯದು? ಆದರೆ ಅಲ್ಲಿಯ ಮರಳಿನ ಕೆಳಗೆ ದೇವಸ್ಥಾನಗಳಿಲ್ಲ. ಇಲ್ಲಿವೆ!

ಮೇಷ್ಟ್ರು ನಮ್ಮನ್ನು ಒಂದು ಮರದ ನೆರಳಿನಲ್ಲಿ ಕೂರಿಸಿ ಕಥೆ ಹೇಳಿದರು. ತಲಕಾಡು ಗಂಗರ ರಾಜಧಾನಿ. ಆಮೇಲೆ ಚೋಳರ ಕೈಗೆ ಹೋಯಿತು. ಹನ್ನೆರಡನೆಯ ಶತಮಾನದ ಮೊದಲಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ‘ತಲಕಾಡುಗೊಂಡ’ ಎಂಬ ಬಿರುದು ಪಡೆದು ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಇಷ್ಟು ದೊಡ್ಡ ಪಟ್ಟಣ ಮರಳಿನಲ್ಲಿ ಹೂತುಹೋದದ್ದು ಹೇಗೆ?

ಅಲಮೇಲಮ್ಮನ ಶಾಪದ ಕಥೆ ನಿಮಗೆಲ್ಲ ಗೊತ್ತಿರುವುದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಹೆಂಡತಿ ಅಲಮೇಲಮ್ಮ ಒಡವೆಗಳ ಗಂಟಿನೊಂದಿಗೆ ಇತ್ತ ಬಂದಳಂತೆ. ಒಡವೆಗಾಗಿ ಸೈನಿಕರು ಬೆನ್ನಟ್ಟಿದಾಗ ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ಅರಸರಿಗೆ ಸಂತಾನವಿಲ್ಲದಿರಲೆಂದು ಶಪಿಸಿ ಹೊಳೆಗೆ ಹಾರಿದಳಂತೆ. ಭೂಗರ್ಭಶಾಸ್ತ್ರ ಬಲ್ಲವರು ಹೇಳುವುದೇ ಬೇರೆ. ಇಲ್ಲಿ ಕಾವೇರಿ ಬಿಲ್ಲಿನಂತೆ ಬಾಗುತ್ತಾಳೆ. ಮೇಲುಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ನೀರು ಇಳಿದು ಪಾತ್ರದ ಮರಳು ಬಯಲಾಯಿತು. ಬೇಸಿಗೆಯ ಗಾಳಿ ಆ ಮರಳನ್ನು ಹೊತ್ತು ತಂದು ಊರಿನ ಮೇಲೆ ಸುರಿಯುತ್ತಾ ಹೋಯಿತು. ಶಾಪ ಒಂದು ಗಳಿಗೆಯದು, ಮರಳು ಶತಮಾನಗಳದು. ಆಮೇಲೆ ಗಾಳಿಮರ, ನೀಲಗಿರಿ ನೆಟ್ಟು ಮರಳಿನ ಓಟವನ್ನು ತಡೆದರು.

ಎದುರು ಮನೆಯ ಅಕ್ಕ ಮೆಲ್ಲಗೆ ಹೇಳಿದರು: “ಒಡವೆ ಹೋದರೆ ಹೋಗಲಿ ಅಂತ ಕೊಟ್ಟುಬಿಟ್ಟಿದ್ದರೆ ಜೀವ ಉಳೀತಿತ್ತಲ್ಲವಾ, ಪಾಪ.” ಅವರು ಅಲಮೇಲಮ್ಮನ ಮಾತೇ ಆಡಿದ್ದು. ಆದರೆ ನನ್ನ ಎದೆ ಯಾಕೋ ಚುರುಕ್ ಎಂದಿತು.

ಮರಳಿನಲ್ಲಿ ನಡೆಯುವುದು ಸುಲಭವಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ. ದೇವಸ್ಥಾನದಿಂದ ದೇವಸ್ಥಾನಕ್ಕೆ ನೆರಳಿನ ದಾರಿ ಮಾಡಿದ್ದಾರೆ, ಹಿರಿಯರಿಗೆ ಅನುಕೂಲ. ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಮೇಲೆ ಮರಳು ಬಿಸಿ, ಒಳಗೆ ಕಲ್ಲು ತಣ್ಣಗೆ. ಐದು ಲಿಂಗಗಳ ಪಂಚಲಿಂಗ ದರ್ಶನ ಪ್ರತಿ ವರ್ಷ ಇರುವುದಿಲ್ಲ. ಕಾರ್ತಿಕದಲ್ಲಿ ಯೋಗ ಕೂಡಿ ಬರಬೇಕು. 2013ರಲ್ಲಿ ಆಗಿತ್ತು, ಆಮೇಲೆ 2020ರಲ್ಲಿ ಆಯಿತು. ಇಂಥ ದರ್ಶನಕ್ಕೆ ಸಾಮಾನ್ಯವಾಗಿ ಲಕ್ಷಾಂತರ ಜನ. ನಾವು ಹೋದಾಗ ನಮ್ಮ ಗುಂಪು ಬಿಟ್ಟರೆ ಹತ್ತು ಜನರೂ ಇರಲಿಲ್ಲ.

ವೈದ್ಯೇಶ್ವರನ ಗುಡಿಯ ಮುಂದೆ ಮೇಷ್ಟ್ರು ಇನ್ನೊಂದು ಕಥೆ ಹೇಳಿದರು. ಇಲ್ಲಿ ಆನೆಗಳು ದಿನಾ ಬಂದು ಒಂದು ಬೂರುಗದ ಮರವನ್ನು ಪೂಜಿಸುತ್ತಿದ್ದವಂತೆ. ತಲ, ಕಾಡ ಎಂಬ ಇಬ್ಬರು ಬೇಡರು ಅದೇನೆಂದು ತಿಳಿಯಲು ಮರಕ್ಕೆ ಕೊಡಲಿ ಹಾಕಿದರು. ಮರದಿಂದ ರಕ್ತ ಚಿಮ್ಮಿತು! ಒಳಗಿದ್ದವನು ಶಿವ. ಇದೇ ಮರದ ಎಲೆಯನ್ನು ಅರೆದು ಗಾಯಕ್ಕೆ ಹಚ್ಚಿರೆಂದು ಅಶರೀರವಾಣಿಯಾಯಿತು. ಹಚ್ಚಿದರು, ರಕ್ತ ನಿಂತಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ್ದರಿಂದ ದೇವರು ವೈದ್ಯೇಶ್ವರನಾದ. ಬೇಡರಿಬ್ಬರ ಹೆಸರಿನಿಂದ ಊರು ತಲಕಾಡಾಯಿತು.

ಅತ್ತೆ ನನ್ನ ಕೈ ಹಿಡಿದು, “ನೋಡಿದೆಯಾ, ಮರಳೂ ಇಲ್ಲೇ, ಆನೇನೂ ಇಲ್ಲೇ” ಎಂದರು.

ದರ್ಶನ ಮುಗಿದ ಮೇಲೆ ಎಲ್ಲರೂ ಹೊಳೆಯ ಕಡೆ ಹೋದರು. ಇವರು ಸುಸ್ತಾಗಿ ಒಂದು ದಿಬ್ಬದ ಮೇಲೆ ಕೂತರು. ಮಾತ್ರೆಯ ಹೊತ್ತಾಗಿತ್ತು, ನೀರಿನ ಬಾಟಲಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಇವರೇ ಎದೆಯ ಮೇಲೆ ಕೈಯಿಟ್ಟುಕೊಂಡು, “ನಿನ್ನ ಆಫ್ರಿಕಾನ ಇಲ್ಲಿಟ್ಟುಕೊಂಡು ಓಡಾಡ್ತಿದೀನಿ ಕಣೇ. ಹೇಗೆ ವಾಪಸ್ ಕೊಡೋದು ಅಂತ ದಿನಾ ಯೋಚನೆ ಮಾಡ್ತೀನಿ” ಎಂದರು.

ಹತ್ತು ತಿಂಗಳಿಂದ ನಾನು ಬಾಯಿಬಿಡದ ಮಾತನ್ನು ಅವರು ಆಡಿದ್ದರು. ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸೆರಗಿನ ತುಂಬ ಮರಳು, ಕಣ್ಣಿಗೆ ಹೋಗಿ ಇನ್ನಷ್ಟು ನೀರು! ನಗುವೂ ಬಂತು. “ವಾಪಸ್ ಕೊಡೋದೇನೂ ಬೇಡ. ಅಲ್ಲೇ ಭದ್ರವಾಗಿರಲಿ” ಎಂದೆ. ಅಷ್ಟೇ ಸೋದರಿಯರೇ. ಆ ಮಾತು ಮನೆಯ ಅಡಿಗೆಮನೆಯಲ್ಲಿ ಯಾಕೆ ಬರಲಿಲ್ಲವೋ, ಅದಕ್ಕೆ ತಲಕಾಡಿನ ಮರಳೇ ಬೇಕಾಯಿತು.

ಒಂದು ಎಚ್ಚರಿಕೆಯ ಮಾತು. ತಲಕಾಡಿನ ಹೊಳೆ ನೋಡಲು ಶಾಂತ, ತಿಳಿಯದವರು ಆಳಕ್ಕೆ ಇಳಿದು ಪ್ರಾಣ ಕಳೆದುಕೊಂಡದ್ದುಂಟು. ಮಕ್ಕಳನ್ನು ದಡದಲ್ಲೇ ಆಡಲು ಬಿಡಿ. ಹಾಗೆಯೇ ಚಪ್ಪಲಿಯನ್ನು ಕೈಚೀಲದಲ್ಲಿಟ್ಟುಕೊಳ್ಳಿ. ಹನ್ನೊಂದು ಗಂಟೆಯ ಮೇಲೆ ಮರಳು ಕಾದ ಹೆಂಚಿನಂತಾಗುತ್ತದೆ. ಹೊತ್ತಿದ್ದರೆ ದಾರಿಯಲ್ಲಿ ಸೋಮನಾಥಪುರವನ್ನೂ ನೋಡಿ. ಹದಿಮೂರನೆಯ ಶತಮಾನದ ಆ ಕೇಶವ ದೇವಾಲಯ 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆನೆಗಳ ಸೀಮೆಯತ್ತ

ಸಂಜೆ ನಂಜನಗೂಡಿನಲ್ಲಿ ನಂಜುಂಡೇಶ್ವರನಿಗೆ ಕೈಮುಗಿದು, ರಸಬಾಳೆಯ ಒಂದು ಚಿಪ್ಪು ಕೊಂಡು, ರಾತ್ರಿ ಗುಂಡ್ಲುಪೇಟೆಯ ಲಾಡ್ಜಿನಲ್ಲಿ ತಂಗಿದೆವು. ದಾರಿಯಲ್ಲಿ ಮೇಷ್ಟ್ರು ಖೆಡ್ಡಾದ ಕಥೆ ಹೇಳಿದರು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಚಾಮರಾಜನಗರದ ಕಡೆ ಆನೆ ಹಿಡಿಯಲು ಶುರುಮಾಡಿದ. ಆಮೇಲೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ಕಾರಾಪುರದ ಮಾವುತನ ಮಗ ಸಾಬು ಎಂಬ ಹುಡುಗ 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ನಟಿಸಿ ಹಾಲಿವುಡ್ಡಿನವರೆಗೆ ಹೋದ. 1970ರ ದಶಕದ ಮೊದಲಲ್ಲಿ ಖೆಡ್ಡಾ ನಿಂತುಹೋಯಿತು. ಕಪಿಲೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಕನಕೋಟೆಯ ಕಾಡಿನ ಬಹುಭಾಗ ಮುಳುಗಿತು. ಈಗ ಬೇಸಿಗೆಯಲ್ಲಿ ಆ ಹಿನ್ನೀರಿನ ದಂಡೆಗೆ ಆನೆಗಳು ಹಿಂಡು ಹಿಂಡಾಗಿ ತಾವಾಗಿಯೇ ಬರುತ್ತವೆ.

ಬೆಳಿಗ್ಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1,454 ಮೀಟರು. ಖಾಸಗಿ ಗಾಡಿಗಳನ್ನು ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. ಮೇಲೆ ಮಂಜು ಎಷ್ಟೆಂದರೆ ಪಕ್ಕದಲ್ಲಿದ್ದ ಅತ್ತೆ ಕಾಣಿಸಲಿಲ್ಲ, ಅವರ ಕೆಮ್ಮು ಮಾತ್ರ ಕೇಳಿಸಿತು! ಸ್ವೆಟರು, ಶಾಲು ಮರೆಯಬೇಡಿ. ಕೊಳಲೂದುವ ಗೋಪಾಲನ ದರ್ಶನ ಮಾಡಿ ಹೊರಬರುವ ಹೊತ್ತಿಗೆ ಮಂಜು ಸರಿದು ಕೆಳಗೆ ಕಾಡು ಹರಡಿತ್ತು. ಎದುರು ಮನೆಯ ಅಕ್ಕ ಕಟ್ಟೆಯ ಮೇಲೆ ನಿಂತು ನೋಡಿದರು, ನೋಡಿದರು, ಕರೆದರೂ ಬರಲಿಲ್ಲ. ಆರು ವರ್ಷದ ನೋಟವನ್ನೆಲ್ಲ ಒಂದೇ ಸಲ ನೋಡಿ ಮುಗಿಸುವಂತೆ ನಿಂತಿದ್ದರು.

ಸಫಾರಿ ಎಂದರೇನು?

ಸಫಾರಿ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು, ಅರಬ್ಬಿಯಿಂದ ಬಂದದ್ದು. ಪ್ರಯಾಣ ಎಂದಷ್ಟೇ ಅರ್ಥ. ಹಾಗೆ ನೋಡಿದರೆ ಚಾಮುಂಡಿಪುರದಿಂದ ಹೊರಟಾಗಲೇ ನಮ್ಮ ಸಫಾರಿ ಶುರುವಾಗಿತ್ತು!

ಬಂಡೀಪುರದ ಸಫಾರಿ ಹೊರಡುವುದು ಗುಂಡ್ಲುಪೇಟೆ–ಊಟಿ ರಸ್ತೆಯ ಮೇಲುಕಾಮನಹಳ್ಳಿಯಿಂದ. ಮಧ್ಯಾಹ್ನದ ಬಸ್ಸಿಗೆ ಚೀಟಿ ತೆಗೆದುಕೊಂಡೆವು. ಈ ಕಾಡು ಮೊದಲು ಮೈಸೂರು ಅರಸರ ಬೇಟೆಯ ತಾಣವಾಗಿತ್ತು. 1931ರಲ್ಲಿ ವನ್ಯಜೀವಿಧಾಮವಾಯಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ತಾಣಗಳಲ್ಲಿ ಬಂಡೀಪುರವೂ ಒಂದು. 2022ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿದ್ದವು, ಮಧ್ಯಪ್ರದೇಶ ಬಿಟ್ಟರೆ ನಾವೇ. ಆನೆಯಲ್ಲಂತೂ 2023ರ ಎಣಿಕೆಯ ಪ್ರಕಾರ 6,395, ದೇಶಕ್ಕೇ ಮೊದಲು.

ಬಸ್ಸಿನ ಕಿಟಕಿಗಳಿಗೆ ಕಬ್ಬಿಣದ ಜಾಲರಿ. ನಾವು ಬೋನಿನೊಳಗೆ, ಪ್ರಾಣಿಗಳು ಹೊರಗೆ! ಅಪ್ಪ ಹೇಳಿದ ಮಾತು ನೆನಪಾಯಿತು. ಇಲ್ಲಿ ಇವಕ್ಕೆ ಬೇಲಿ ಇಲ್ಲ. ಡ್ರೈವರೇ ಗೈಡು. “ಯಾರೂ ಮಾತಾಡಬೇಡಿ ಅಮ್ಮಾ, ಹುಲಿ ಬೇಕಾದ್ರೆ ಬಾಯಿ ಮುಚ್ಕೊಂಡಿರಬೇಕು” ಎಂದ. ಹನ್ನೊಂದು ಜನ ಮೈಸೂರಿನವರು ಮಾತಾಡದೆ ಕೂತದ್ದೇ ದೊಡ್ಡ ಸಾಹಸ.

ಚುಕ್ಕೆ ಜಿಂಕೆಗಳು ಲೆಕ್ಕವಿಲ್ಲದಷ್ಟು. ಕಡವೆ, ನವಿಲು, ಮುಸುವ. ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು ಮೈ, ಬಿಳಿ ಕಾಲುಚೀಲ ತೊಟ್ಟಂತಹ ಕಾಲುಗಳ ಕಾಟಿ. ಕೆಂಪು ಸೀಳುನಾಯಿಗಳ ಗುಂಪೊಂದು ರಸ್ತೆ ದಾಟಿತು. ಎಲ್ಲಿ ನೋಡಿದರೂ ಲಾಂಟಾನ ಪೊದೆ. ಚೆಂದದ ಹೂವಿಗೆಂದು ಪರದೇಶದಿಂದ ತಂದದ್ದು, ಈಗ ಕಾಡಿನ ಹುಲ್ಲನ್ನೇ ನುಂಗುತ್ತಿದೆ. ಹುಲ್ಲು ಹೋದರೆ ಜಿಂಕೆಗೇನು ಗತಿ, ಆನೆಗೇನು ಗತಿ?

ಒಂದು ಕೆರೆಯ ಬಳಿ ಡ್ರೈವರು ಇಂಜಿನ್ ನಿಲ್ಲಿಸಿದ. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿತು. ದೂರದಲ್ಲಿ ಜಿಂಕೆ ಒಂದೇ ಸಮನೆ ಕೂಗಿತು. ಹುಲಿ ಹತ್ತಿರದಲ್ಲಿದ್ದರೆ ಹೀಗೆ ಕೂಗಿ ಎಲ್ಲರನ್ನೂ ಎಚ್ಚರಿಸುತ್ತವಂತೆ. ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತೆವು. ಹುಲಿ ಬರಲಿಲ್ಲ. ಮಣ್ಣಿನ ಮೇಲೆ ಅದರ ಹೆಜ್ಜೆ ಮಾತ್ರ ತೋರಿಸಿದ, ನಮ್ಮ ಹೋಳಿಗೆ ತಟ್ಟುವ ಅಂಗೈಯಷ್ಟು ಅಗಲ! ಮಗಳಿಗೆ ನಿರಾಶೆಯಾಯಿತು. ನನಗೇನೂ ಆಗಲಿಲ್ಲ. ಅದು ನಮ್ಮನ್ನು ನೋಡಿರುತ್ತದೆ, ಸಾಕು.

ಬರುವಾಗ ಆನೆಗಳು ಸಿಕ್ಕವು. ಐದು ದೊಡ್ಡವು, ಒಂದು ಮರಿ. ಬಸ್ಸು ಕಂಡದ್ದೇ ತಡ, ಹೆಣ್ಣಾನೆಗಳು ಮರಿಯನ್ನು ಮಧ್ಯಕ್ಕೆ ತಳ್ಳಿ ಸುತ್ತ ಗೋಡೆಯ ಹಾಗೆ ನಿಂತುಬಿಟ್ಟವು. ಕಾಲುಗಳ ಸಂದಿಯಲ್ಲಿ ಪುಟ್ಟ ಸೊಂಡಿಲು ಮಾತ್ರ ಕಾಣುತ್ತಿತ್ತು. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿರುತ್ತದೆ, ಕಿವಿ ಮೊರಕ್ಕಿಂತ ದೊಡ್ಡದು. ನಮ್ಮ ಹೆಣ್ಣಾನೆಗೆ ಹೊರಗೆ ಕಾಣುವ ದಂತವಿಲ್ಲ. “ದಂತ ಇಲ್ಲದಿದ್ದರೇನು, ಸಂಸಾರ ನಿಭಾಯಿಸೋದು ಇವೇ ಅಲ್ಲವೇನಮ್ಮಾ” ಎಂದರು ಅತ್ತೆ. ಮೇಷ್ಟ್ರು ನಕ್ಕು, “ನಿಜ, ಆನೆ ಹಿಂಡಿಗೆ ಯಜಮಾನಿ ಹಿರಿಯ ಹೆಣ್ಣಾನೆಯೇ” ಎಂದರು. ಅತ್ತೆ ಅಂದಿನಿಂದ ಇಂದಿನವರೆಗೂ ಆ ಮಾತನ್ನು ನಮಗೆ ಜ್ಞಾಪಿಸುತ್ತಲೇ ಇದ್ದಾರೆ!

ಕಾಡಂಚಿನ ಅಕ್ಕ

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ.

ವಾಪಸು ಬರುವಾಗ ರಸ್ತೆ ಪಕ್ಕದ ಹಳ್ಳಿಯೊಂದರಲ್ಲಿ ಟೀಗೆ ನಿಲ್ಲಿಸಿದೆವು. ಅಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಸೊಗಡಿನ ಅವರೆಕಾಯಿ, ಕೈಗೆ ಹತ್ತಿದರೆ ಎರಡು ದಿನ ಹೋಗದ ವಾಸನೆ. ಎರಡು ಕೆ.ಜಿ. ತೂಗಿಸುತ್ತಾ ಸಂತೋಷದಲ್ಲಿ, “ಆನೆ ನೋಡಿದ್ವಿ ಕಣಕ್ಕಾ, ಮರಿ ಬೇರೆ ಇತ್ತು” ಎಂದೆ.

ಅವಳು ತಕ್ಕಡಿಯಿಂದ ತಲೆಯೆತ್ತದೆ ಹೇಳಿದಳು: “ನಿಮ್ಗ ಆನ ಕಂಡ್ರ ಸಂತೋಸ. ನಮ್ಗ ಕಾಣ್ದೆ ಇದ್ರ ಸಂತೋಸ ಕನಕ್ಕ.”

ನನಗೆ ನಾಚಿಕೆಯಾಯಿತು. ಆಮೇಲೆ ಅವಳೇ ಹೇಳಿದಳು. ಬರದಲ್ಲಿ ಅಷ್ಟೋ ಇಷ್ಟೋ ಬಂದ ರಾಗಿಯನ್ನು ಒಂದೇ ರಾತ್ರಿಯಲ್ಲಿ ಆನೆ ತುಳಿದಿತ್ತು. ಗಂಡ, ಮಗ ಸರದಿಯ ಮೇಲೆ ಅಟ್ಟಣೆಯಲ್ಲಿ ಕಾಯುತ್ತಾರೆ. ಅವಳು ಮನೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಕೂತಿರುತ್ತಾಳೆ. “ಹೋದ ಬೆಳಗ ಪರಿಹಾರ ಕೊಟ್ಟಾರು. ಹೋದ ನಿದ್ದಗ ಯಾರ್ ಕೊಟ್ಟಾರು?” ಎಂದಳು.

“ಆನೆ ಮೇಲೆ ಕೋಪ ಬರಲ್ವಾ?” ಎಂದು ಮಗಳು ಕೇಳಿದಳು.

“ಅದ್ಕೂ ಮಕ್ಳವ ಕನವ್ವ. ಅದ್ಕೂ ಹೊಟ್ಟ ಅದ” ಎಂದು ಒಂದು ಹಿಡಿ ಅವರೆಕಾಯಿ ಕೊಸರು ಹಾಕಿದಳು.

ಬಸ್ಸಿನೊಳಗೆ ನನ್ನ ಕಣ್ಣಿಗೆ ಬೇಲಿ ಇಲ್ಲದ ಕಾಡು ಚೆಂದವಾಗಿ ಕಂಡಿತ್ತು. ಅದೇ ಬೇಲಿ ಇಲ್ಲದಿರುವುದು ಇವಳ ಪಾಲಿಗೆ ಏನೆಂದು ಆಗ ತಿಳಿಯಿತು. ನಾನು ಆಸ್ಪತ್ರೆಯ ಹೊರಗೆ ಒಂದು ರಾತ್ರಿ ಕಣ್ಣುಮುಚ್ಚದೆ ಕೂತಿದ್ದೆ. ಅವಳು ಪ್ರತಿ ಸುಗ್ಗಿಯಲ್ಲೂ ಹಾಗೆ ಕೂರುತ್ತಾಳೆ.

2025ರ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ಸರ್ಕಾರ ನಿಲ್ಲಿಸಿತೆಂದು ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವಳ ಮುಖ. ಈ ಲೇಖನ ಬರೆಯಬೇಕೆನಿಸಿದ್ದೂ ಅದಕ್ಕೇ.

ನೀವು ಹೋಗುವುದಾದರೆ

ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯೇ, ಎಷ್ಟು ಹೊತ್ತಿಗೆ, ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಹಸಿರು, ಮಣ್ಣಿನ ಬಣ್ಣದ ಬಟ್ಟೆ ತೊಡಿ, ಕೆಂಪು, ಬಿಳಿ ಬೇಡ. ಸೆಂಟು ಬೇಡ. ತಿಂಡಿಯ ಪೊಟ್ಟಣ ಬಸ್ಸಿನಲ್ಲಿ ಬಿಚ್ಚಬೇಡಿ, ಪ್ಲಾಸ್ಟಿಕ್ಕನ್ನಂತೂ ಎಸೆಯಲೇಬೇಡಿ. ರಸ್ತೆಯ ಬದಿ ಗಾಡಿ ನಿಲ್ಲಿಸಿ ಆನೆಗೆ, ಕೋತಿಗೆ ತಿನ್ನಲು ಕೊಡುವುದು ಪುಣ್ಯದ ಕೆಲಸವಲ್ಲ. ರುಚಿ ಕಂಡ ಪ್ರಾಣಿ ನಾಳೆ ಹಳ್ಳಿಗೆ ಬರುತ್ತದೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿರ್ಬಂಧ 2009ರಲ್ಲೇ ಬಂದಿದೆ. ಊಟಿಯ ಕಡೆ ಹೋಗುವವರು ಲೆಕ್ಕ ಹಾಕಿಕೊಳ್ಳಿ. ಕಾಡಂಚಿನಲ್ಲಿ ತರಕಾರಿ ಮಾರುವವರ ಹತ್ತಿರ ಚೌಕಾಸಿ ಮಾಡಬೇಡಿ, ಇದು ನನ್ನ ಪ್ರಾರ್ಥನೆ.

ದಾರಿಯ ತಿಂಡಿಗೆ ಹುಳಿ ಅವಲಕ್ಕಿಯ ಪುಡಿ ಮಾಡಿಟ್ಟುಕೊಂಡರೆ ಬಹಳ ಅನುಕೂಲ. ಎರಡು ಪಾವು ಗಟ್ಟಿ ಅವಲಕ್ಕಿಯನ್ನು ರವೆಯಂತೆ ಮಿಕ್ಸಿಯಲ್ಲಿ ಒಡೆದುಕೊಳ್ಳಿ. ಎರಡು ಚಮಚ ಸಾರಿನ ಪುಡಿ, ಉಪ್ಪು, ತುರಿದ ಬೆಲ್ಲ, ಅರ್ಧ ಗಿಟುಕು ಒಣಕೊಬ್ಬರಿಯ ತುರಿ ಬೆರೆಸಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿಬೀಜ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ಆರಿದ ಮೇಲೆ ಕಲಸಿ ಡಬ್ಬಿಗೆ ತುಂಬಿ. ಹುಣಿಸೆಹಣ್ಣಿನ ಗಟ್ಟಿ ರಸವನ್ನು ಕುದಿಸಿ ಬೇರೆ ಸೀಸೆಯಲ್ಲಿಡಿ. ಬೇಕಾದಾಗ ರಸಕ್ಕೆ ನೀರು ಬೆರೆಸಿ ಪುಡಿಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಉದುರು ಉದುರಾದ ತಿಂಡಿ ಸಿದ್ಧ. ಒಲೆ ಬೇಡ, ಹೋಟೆಲು ಬೇಡ.

ಮನೆಗೆ ಬಂದ ಮಾರನೆಯ ದಿನ ಅವರೆಕಾಳು ಹಿತಕಿ ಸಾರು ಮಾಡಿದೆ. ಇವರು ಮೂಲೆಯ ಕುರ್ಚಿ ಬಿಟ್ಟು ಅಡಿಗೆಮನೆಗೆ ಬಂದು ನನ್ನ ಜೊತೆ ಕೂತು ಕಾಳು ಹಿತಕಿದರು. ಬೀರುವಿನ ಬಾಗಿಲಿನ ಕಲೆಯ ಮೇಲೆ ಮಗಳು ಒಂದು ಫೋಟೋ ಅಂಟಿಸಿದ್ದಾಳೆ. ತಲಕಾಡಿನ ದಿಬ್ಬದ ಮೇಲೆ ನಾವಿಬ್ಬರೂ ಕೂತದ್ದು, ನನ್ನ ಮುಖವೆಲ್ಲ ಮರಳು.

ಪೋಸ್ಟಾಫೀಸಿನಲ್ಲಿ ಮತ್ತೆ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಯಾತಕ್ಕೆಂದು ಇನ್ನೂ ಹೆಸರಿಟ್ಟಿಲ್ಲ. ಆಫ್ರಿಕಾಕ್ಕೆ ಹೋದರೂ ಹೋದೆ, ಇಲ್ಲದಿದ್ದರೆ ಕಾಡಂಚಿನ ಆ ಹಳ್ಳಿಗೆ ಅವರೆಕಾಯಿಯ ಕಾಲಕ್ಕೆ ಇನ್ನೊಂದು ಸಲವಾದರೂ ಹೋಗಿ ಬರುತ್ತೇನೆ. ನೀವೂ ನಿಮ್ಮ ಹತ್ತಿರದ ಮರಳು, ಆನೆ ಎಲ್ಲಿದೆಯೋ ಹುಡುಕಿ ಹೊರಡಿ. ಮನೆಯವರಲ್ಲಿ ಆಡದೆ ಉಳಿದ ಮಾತೇನಾದರೂ ಇದ್ದರೆ ಜೊತೆಯಲ್ಲಿ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ.